ಅಜ್ಜನೋ, ತಾತನೋ? ಮೊಮ್ಮಗು ಕರೆಯುವ ಹೆಸರನ್ನು ಮೊದಲೇ ಗೊತ್ತು ಮಾಡಿಕೊಳ್ಳುವುದು ಹೇಗೆ

ಹರಿಹರದಲ್ಲಿ ತುಂಗಭದ್ರೆಯ ಸೇತುವೆ ದಾಟಿ ರಾಣೆಬೆನ್ನೂರಿನ ಕಡೆ ಹೋದರೆ ಹೆತ್ತವಳಿಗೆ ‘ಅವ್ವ’, ಅಜ್ಜಿಗೆ ‘ಅಮ್ಮ’ ಅನ್ನುವ ಮನೆಗಳು ಸಿಗುತ್ತವೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ತೆಲುಗು ಮನೆಗಳಲ್ಲಿ ಇದು ತಿರುಗುಮುರುಗು. ಅಲ್ಲಿ ಹೆತ್ತವಳು ಅಮ್ಮ, ಅಜ್ಜಿ ಅವ್ವ. ಹಿರಿಯೂರು ದಾಟಿ ಬೆಂಗಳೂರಿನ ಕಡೆ ಹೋದಂತೆ ಅಜ್ಜ ಕಡಿಮೆ, ತಾತ ಜಾಸ್ತಿ. ಇವೆಲ್ಲದರ ನಡುವೆ ನಮ್ಮ ದಾವಣಗೆರೆ ಇದೆ. ಈ ಜಿಲ್ಲೆ ಆಗಿದ್ದೇ 1997ರಲ್ಲಿ, ಚಿತ್ರದುರ್ಗ, ಶಿವಮೊಗ್ಗ, ಬಳ್ಳಾರಿ ಮೂರೂ ಜಿಲ್ಲೆಗಳ ತಾಲ್ಲೂಕುಗಳನ್ನು ಸೇರಿಸಿ. ಹೆಣ್ಣು ಕೊಡುವುದು ತರುವುದು ಅದಕ್ಕೂ ಮುಂಚಿನಿಂದ ಈ ಎಲ್ಲ ದಿಕ್ಕಿಗೂ ನಡೆದಿದೆ.

ಹಾಗಾಗಿ ಒಂದು ಮಗು ಹುಟ್ಟಿತು ಅಂದರೆ ಎರಡು ಮನೆಯ ರೂಢಿ ಎದುರುಬದುರು ಬಂದು ನಿಲ್ಲುತ್ತವೆ. ಮಗುವಿನ ಹೆಸರಿಗಾದರೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತೇವೆ. ನಕ್ಷತ್ರ ನೋಡುತ್ತೇವೆ, ಮನೆದೇವರ ಹೆಸರು ಸೇರಿಸುತ್ತೇವೆ. ಆ ಮಗು ತನ್ನ ಹಿರಿಯರನ್ನು ಏನಂತ ಕರೆಯಬೇಕು ಅನ್ನುವುದನ್ನು ಮಾತ್ರ ತಾನಾಗಿ ಆಗಲಿ ಅಂತ ಬಿಟ್ಟುಬಿಡುತ್ತೇವೆ. ತಾನಾಗಿ ಆದದ್ದು ಒಬ್ಬರಿಗೆ ಹಿಡಿಸುತ್ತದೆ. ಇನ್ನೊಬ್ಬರು ಬಾಯಿಬಿಟ್ಟು ಹೇಳದೆ ಮನಸ್ಸಿನಲ್ಲೇ ನೊಂದುಕೊಳ್ಳುತ್ತಾರೆ. ಇನ್ನು ಉಳಿದ ಆಯುಷ್ಯವೆಲ್ಲ ಆ ಹೆಸರಿಗೆ ಓಗೊಡಬೇಕಾದವರು ಅವರು. ಅದಕ್ಕೇ ಅವರನ್ನು ಕೇಳಿ, ಎರಡೂ ಮನೆಯವರು ಒಪ್ಪಿ, ಮೊದಲೇ ಗೊತ್ತು ಮಾಡಿಕೊಳ್ಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹೇಗೆ ಅನ್ನುವುದನ್ನು ಒಂದೊಂದಾಗಿ ಹೇಳುತ್ತೇನೆ.

1. ಹೆರಿಗೆಗೆ ಮುಂಚೆಯೇ ಮಾತು ತೆಗೆಯಿರಿ

ಕುಬುಸದ, ಅಂದರೆ ಸೀಮಂತದ ಕಾರ್ಯದ ಹೊತ್ತು ಇದಕ್ಕೆ ಒಳ್ಳೆಯ ಸಮಯ. ಬೀಗರೆಲ್ಲ ಒಂದೇ ಮನೆಯಲ್ಲಿ ಸೇರಿರುತ್ತಾರೆ. ಎಲ್ಲರ ಮನಸ್ಸೂ ಹಗುರಾಗಿರುತ್ತದೆ.

ಮುಂಚೆಯೇ ಅನ್ನುವುದಕ್ಕೆ ಬಲವಾದ ಕಾರಣ ಇದೆ. ನಮ್ಮಲ್ಲಿ ಚೊಚ್ಚಲ ಹೆರಿಗೆ, ಬಾಣಂತನ ಎರಡೂ ತವರಿನಲ್ಲಿ. ಮೂರೋ ಐದೋ ತಿಂಗಳು ಮಗು ತಾಯಿಯ ತವರಿನಲ್ಲೇ ಇರುತ್ತದೆ. ಎಣ್ಣೆ ನೀರು ಹಾಕುವವರು, ರಾತ್ರಿ ಎದ್ದು ಎತ್ತಿಕೊಳ್ಳುವವರು ತಾಯಿಯ ತಾಯಿ. ‘ಅಜ್ಜಿ ಬಂದ್ಲು ನೋಡು’ ಅಂತ ಎಲ್ಲರೂ ಅವರನ್ನೇ ತೋರಿಸುತ್ತಾರೆ. ಆ ಮನೆಯಲ್ಲಿ ಅಜ್ಜಿ ಅನ್ನುವ ಹೆಸರು ಅವರಿಗೆ ಅಂಟಿಕೊಂಡುಬಿಡುತ್ತದೆ. ತೊಟ್ಟಿಲ ಶಾಸ್ತ್ರ ಮುಗಿದು ಮಗು ಗಂಡನ ಮನೆಗೆ ಬರುವ ಹೊತ್ತಿಗೆ ತಂದೆಯ ತಾಯಿಗೆ ಉಳಿದದ್ದು ಏನೋ ಒಂದು. ಯಾರೂ ಬೇಕಂತ ಮಾಡಿದ್ದಲ್ಲ. ಆದರೂ ಆ ತಾಯಿಗೆ ಬೇಜಾರಾಗುತ್ತದೆ, ಅಲ್ವಾ? ಮೊದಲೇ ಮಾತಾಡಿದ್ದರೆ ತವರಿನಲ್ಲೂ ಗೊತ್ತಾದ ಹೆಸರನ್ನೇ ಬಳಸಬಹುದಿತ್ತು.

2. ಎರಡೂ ಮನೆಯ ರೂಢಿ ಬರೆದುಕೊಳ್ಳಿ

ಒಂದು ಹಾಳೆಯಲ್ಲಿ ಎರಡು ಸಾಲು ಸಾಕು. ಗಂಡನ ಮನೆಯಲ್ಲಿ ಈಗ ಇರುವ ಮೊಮ್ಮಕ್ಕಳು ಯಾರನ್ನು ಏನಂತ ಕರೆಯುತ್ತಾರೆ? ಹೆಣ್ಣಿನ ಮನೆಯಲ್ಲಿ? ಭಾವನ ಮಗ ಆಗಲೇ ಒಬ್ಬರನ್ನು ‘ಅಪ್ಪಾಜಿ’ ಅಂತ ಕರೆದು ರೂಢಿಯಾಗಿದ್ದರೆ ನಿಮ್ಮ ಮಗುವಿಗೆ ಬೇರೆ ಹುಡುಕಬೇಡಿ. ಅಣ್ಣ ತಮ್ಮಂದಿರ ಮಕ್ಕಳು ಒಂದೇ ಮನೆಯಲ್ಲಿ ಒಬ್ಬರನ್ನೇ ಎರಡು ಹೆಸರಿನಿಂದ ಕರೆದರೆ ಚಿಕ್ಕ ಮಗುವಿಗೆ ಗೊಂದಲವಾಗುತ್ತದೆ. ಅದೂ ಅಲ್ಲದೆ ಮೊದಲ ಮೊಮ್ಮಗು ಇಟ್ಟ ಹೆಸರನ್ನು ಹಿರಿಯರು ತುಂಬ ಪ್ರೀತಿಯಿಂದ ಇಟ್ಟುಕೊಂಡಿರುತ್ತಾರೆ.

ಇನ್ನೂ ಯಾರೂ ಕರೆದಿಲ್ಲ, ಇದೇ ಮೊದಲ ಮೊಮ್ಮಗು ಅಂದರೆ ಮುಂದಿನ ಹೆಜ್ಜೆಗೆ ಜಾಸ್ತಿ ಸಮಯ ಕೊಡಿ.

3. ಅವರನ್ನೇ ಕೇಳಿ, ಒಂದು ಸಲಕ್ಕೆ ಬಿಡಬೇಡಿ

“ಅತ್ತೆ, ಮಗು ನಿಮ್ಮನ್ನ ಏನಂತ ಕರೀಬೇಕು?”

“ಏನಂದ್ರೂ ಆತು ಬಿಡವ್ವಾ. ಕರೆದ್ರೆ ಸಾಕು.”

ಹತ್ತರಲ್ಲಿ ಒಂಬತ್ತು ಮನೆಗಳಲ್ಲಿ ಬರುವ ಉತ್ತರ ಇದು. ಇದನ್ನು ನಿಜವಾದ ಉತ್ತರ ಅಂತ ತಗೋಬೇಡಿ. ನಮ್ಮ ಹೆಂಗಸರಿಗೆ ತಮಗೇನು ಬೇಕು ಅಂತ ಕೇಳಿಸಿಕೊಂಡು ರೂಢಿಯಿಲ್ಲ. ಹೆಸರಿನ ವಿಷಯದಲ್ಲಂತೂ ಇಲ್ಲವೇ ಇಲ್ಲ. ಹುಟ್ಟಿದ ಹೆಸರು ಯಾರೋ ಇಟ್ಟದ್ದು. ಮದುವೆಯಾದ ಮೇಲೆ ಇಂಥವರ ಸೊಸೆ, ಇಂಥವನ ತಾಯಿ ಅಂತಲೇ ಗುರುತು. ಈಗ ಬರುತ್ತಿರುವ ಹೆಸರಿನಲ್ಲಾದರೂ ಅವರ ಮಾತು ನಡೆಯಲಿ.

ಅದಕ್ಕೆ ಸುತ್ತಿಬಳಸಿ ಕೇಳಿ. “ನಿಮ್ಮ ಅಜ್ಜಿನ ನೀವು ಏನಂತ ಕರೀತಿದ್ರಿ?” ಈ ಪ್ರಶ್ನೆಗೆ ಎಂಥ ಮಾತಾಡದವರೂ ಬಾಯಿಬಿಡುತ್ತಾರೆ. ಹೊಸದುರ್ಗದ ಕಡೆಯ ತೆಂಗಿನ ತೋಟ, ಅಲ್ಲಿದ್ದ ಅಜ್ಜಿ, ಸೀರೆಯ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಿರುತ್ತಿದ್ದ ಚಿಲ್ಲರೆ, ಎಲ್ಲ ಬರುತ್ತದೆ. ಆ ಮಾತಿನ ನಡುವೆ ಒಂದು ಹೆಸರು ಬರುತ್ತದೆ: ಅಜ್ಜಮ್ಮ, ಅಮ್ಮಮ್ಮ, ದೊಡ್ಡವ್ವ. ಹೇಳುವಾಗ ಅವರ ಮುಖ ನೋಡಿ. ನಿಮಗೆ ಬೇಕಾದ ಉತ್ತರ ಅಲ್ಲೇ ಸಿಕ್ಕಿರುತ್ತದೆ. ಎರಡು ದಿನ ಬಿಟ್ಟು, “ನಮ್ಮ ಮಗುನೂ ನಿಮ್ಮನ್ನ ಹಂಗೇ ಕರೀಲಾ?” ಅಂತ ಕೇಳಿ.

ಗಂಡಸರನ್ನು ಕೇಳುವುದು ಸುಲಭ. ಅಜ್ಜನೋ ತಾತನೋ ಅಂದರೆ ತಕ್ಷಣ ಹೇಳುತ್ತಾರೆ.

ಇಲ್ಲಿ ಇನ್ನೊಂದು ವಿಷಯ ಇದೆ. ನಮ್ಮ ಕಡೆ ಬೇಗ ಮದುವೆಯಾದವರು ನಲವತ್ತೈದಕ್ಕೇ ಅಜ್ಜಿಯಾಗುತ್ತಾರೆ. ಅವರಲ್ಲಿ ಕೆಲವರು ಇನ್ನೂ ಕೆಲಸಕ್ಕೆ ಹೋಗುತ್ತಿರುತ್ತಾರೆ. ಶಾಲೆಯಲ್ಲೋ ಬ್ಯಾಂಕಿನಲ್ಲೋ ದಿನವೂ ಹತ್ತಾರು ಜನರ ಜೊತೆ ಒಡನಾಟ ಇರುತ್ತದೆ. ಅಂಥವರು “ಅಜ್ಜಿ ಅನ್ನಬೇಡಪ್ಪಾ, ನಂಗೆ ಹೆಂಗೋ ಆಗ್ತದೆ” ಅಂದರೆ ದಯವಿಟ್ಟು ನಗಬೇಡಿ. ‘ವಯಸ್ಸಾದ್ರೂ ಅಜ್ಜಿ ಅನ್ನಿಸಿಕೊಳ್ಳೋಕೆ ನಾಚಿಕೆ’ ಅಂತ ನಾಲ್ಕು ಜನರ ಮುಂದೆ ಆಡಿಕೊಳ್ಳಬೇಡಿ. ಅಮ್ಮಮ್ಮ ಇದೆ, ಅಮ್ಮಾಜಿ ಇದೆ, ಅಜ್ಜಮ್ಮ ಇದೆ. ಅವರಿಗೆ ಸರಿ ಅನ್ನಿಸಿದ್ದು ಇರಲಿ. ‘ದೊಡ್ಡಮ್ಮ’ ಮಾತ್ರ ಬೇಡ ಅಂತ ನನ್ನ ಸಲಹೆ. ತಾಯಿಯ ಅಕ್ಕ, ದೊಡ್ಡಪ್ಪನ ಹೆಂಡತಿ ಆಗಲೇ ದೊಡ್ಡಮ್ಮ ಆಗಿರುತ್ತಾರೆ. ವರಸೆ ಕಲಸಿಹೋಗುತ್ತದೆ.

4. ನಾಲ್ವರಿಗೂ ಬೇರೆ ಬೇರೆ ಬೇಕಾ?

ಕನ್ನಡದಲ್ಲಿ ತಂದೆಯ ತಂದೆಯೂ ಅಜ್ಜ, ತಾಯಿಯ ತಂದೆಯೂ ಅಜ್ಜ. ಉರ್ದು ಮಾತಾಡುವ ಮನೆಗಳಲ್ಲಿ ದಾದಾ-ದಾದಿ, ನಾನಾ-ನಾನಿ ಅಂತ ಎರಡು ಕಡೆಗೂ ಬೇರೆ ಬೇರೆ ಇದೆ. ತೆಲುಗಿನಲ್ಲಿ ತಂದೆಯ ತಾಯಿ ನಾನಮ್ಮ, ತಾಯಿಯ ತಾಯಿ ಅಮ್ಮಮ್ಮ. ನಮ್ಮಲ್ಲಿ ಹಾಗೆ ಬಿಡಿಸಿ ಹೇಳುವ ರೂಢಿ ಇಲ್ಲ, ಇದರಿಂದ ಕಷ್ಟವೂ ಇಲ್ಲ. ಎದುರಿಗಿರುವಾಗ ಇಬ್ಬರೂ ಅಜ್ಜಿಯೇ. ಮುಂದೆ ಇಲ್ಲದವರ ಬಗ್ಗೆ ಮಾತಾಡುವಾಗ ಮಾತ್ರ ಗುರುತಿಗೆ ಒಂದು ಬೇಕು. ಅದನ್ನು ಮಾಡಿಕೊಳ್ಳಲು ನಮ್ಮಲ್ಲಿ ಮೂರು ದಾರಿ ಇವೆ.

ಮೊದಲನೆಯದು ಊರು. ಜಗಳೂರಜ್ಜಿ, ಹೊಳಲ್ಕೆರೆ ಅಜ್ಜ, ಚನ್ನಗಿರಿ ತಾತ. ಇಬ್ಬರೂ ಒಂದೇ ಊರಿನವರಾದರೆ ಬಡಾವಣೆ: ವಿದ್ಯಾನಗರದ ಅಜ್ಜಿ, ನಿಟ್ಟುವಳ್ಳಿ ಅಜ್ಜಿ. ಇದು ಎಲ್ಲಕ್ಕಿಂತ ಸುಲಭ. ಯಾರ ಮನಸ್ಸಿಗೂ ನೋವಾಗುವುದಿಲ್ಲ. ಮಗುವಿಗೆ ಊರಿನ ಹೆಸರೂ ಬಾಯಿಗೆ ಬರುತ್ತದೆ. ಒಂದು ತೊಡಕು ಏನೆಂದರೆ ಹಿರಿಯರು ವಯಸ್ಸಾದ ಮೇಲೆ ಮಗನ ಮನೆಗೋ ಮಗಳ ಮನೆಗೋ ಬಂದು ಇರುತ್ತಾರೆ. ಆಗಲೂ ಊರಿನ ಹೆಸರು ಬಿಡಬೇಡಿ. ಜಗಳೂರು ಬಿಟ್ಟು ಬಂದ ಮೇಲೂ ಜಗಳೂರಜ್ಜಿ ಅಂತ ಕರೆಸಿಕೊಳ್ಳುವುದು ಅವರಿಗೆ ಇಷ್ಟವೇ ಆಗುತ್ತದೆ.

ಎರಡನೆಯದು ಹೆಸರಿಗೆ ಅಜ್ಜ ಸೇರಿಸುವುದು. ಬಸಜ್ಜ, ಈರಜ್ಜ, ರುದ್ರಜ್ಜ, ಗೌರಜ್ಜಿ, ನಿಂಗಜ್ಜಿ. ನಮ್ಮ ನೆಲದಲ್ಲಿ ಇದು ಆಳವಾಗಿ ಬೇರುಬಿಟ್ಟ ರೂಢಿ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯನ್ನು ಭಕ್ತರು ತಿಪ್ಪಜ್ಜ ಅಂತಲೇ ಕರೆಯುತ್ತಾರೆ. ‘ಮಾಡಿದಷ್ಟು ನೀಡು ಭಿಕ್ಷೆ’ ಅಂದ ಗುರುವಿಗೂ ಮನೆಯ ಹಿರಿಯನಿಗೆ ಕೊಡುವ ಹೆಸರೇ. ನನಗೆ ಈ ದಾರಿ ತುಂಬ ಇಷ್ಟ. ಮೊಮ್ಮಗುವಿನ ಬಾಯಲ್ಲಿ ಆ ಮನುಷ್ಯನ ಸ್ವಂತ ಹೆಸರೂ ಉಳಿಯುತ್ತದೆ. ಆದರೆ ಅತ್ತೆ ಮಾವನ ಹೆಸರು ಹೇಳಬಾರದು ಅನ್ನುವ ಸೊಸೆಯಂದಿರು ಈಗಲೂ ಇದ್ದಾರೆ. ಮಗುವಿಗೆ ಮಾವನ ಹೆಸರೇ ಇಟ್ಟ ಮನೆಗಳಲ್ಲಿ ತಾಯಿ ತನ್ನ ಮಗನನ್ನೇ ಆ ಹೆಸರಿನಿಂದ ಕರೆಯದೆ ‘ಅಪ್ಪು’, ‘ಅಪ್ಪಣ್ಣ’ ಅನ್ನುತ್ತಾಳೆ. ಅಂಥ ಮನೆಯಲ್ಲಿ ‘ಗೌರಜ್ಜಿ ಕರೀತಾರೆ ಹೋಗು’ ಅಂತ ಹೇಳು ಅಂದರೆ ಸೊಸೆಗೆ ಬಾಯಿ ಬರುವುದಿಲ್ಲ. ಬಲವಂತ ಬೇಡ. ಊರಿನ ದಾರಿ ಹಿಡಿಯಿರಿ.

ಮೂರನೆಯದು ಮಗುವೇ ಕಂಡುಕೊಳ್ಳುವ ಗುರುತು. ಹಸು ಇರುವ ಮನೆಯವರು ಹಸು ಅಜ್ಜ. ಸಂಜೆ ಬರುವಾಗ ಪೊಟ್ಟಣ ಕಟ್ಟಿಸಿಕೊಂಡು ಬರುವವರು ಮಂಡಕ್ಕಿ ಅಜ್ಜ. ಅಂಗಡಿ ತಾತ, ಹೂವಿನ ಅಜ್ಜಿ. ಇವು ಚೆನ್ನಾಗಿಯೇ ಇರುತ್ತವೆ. ಆದರೆ ಮೈ ನೋಡಿ ಇಡುವ ಹೆಸರಿಗೆ ಮಾತ್ರ ಅವಕಾಶ ಕೊಡಬೇಡಿ. ದಪ್ಪಜ್ಜಿ, ಕರಿ ಅಜ್ಜ, ಕೋಲಜ್ಜ. ಮಗು ಹೇಳಿದಾಗ ಎಲ್ಲರೂ ನಗುತ್ತಾರೆ. ಕರೆಸಿಕೊಂಡವರೂ ನಗುತ್ತಾರೆ. ಆ ನಗುವನ್ನು ನಂಬಬೇಡಿ. ಮೊದಲ ದಿನವೇ ಬೇರೆ ಹೆಸರು ಹೇಳಿಕೊಡಿ.

5. ಸೋದರದಲ್ಲಿ ಕೊಟ್ಟು ತಂದ ಮನೆಗಳಲ್ಲಿ

ಇದು ನಮ್ಮ ಕಡೆಯ ನಿಜವಾದ ಗಂಟು. ಅಕ್ಕನ ಮಗಳನ್ನು ತಂದುಕೊಂಡ ಮನೆ ಅಂತ ಇಟ್ಟುಕೊಳ್ಳಿ. ಅವರಿಗೆ ಒಂದು ಮಗು ಹುಟ್ಟಿತು. ಗಂಡನ ಅಕ್ಕ ಆ ಮಗುವಿಗೆ ತಾಯಿಯ ತಾಯಿ, ಅಂದರೆ ಅಜ್ಜಿ. ತಂದೆಯ ಕಡೆಯಿಂದ ನೋಡಿದರೆ ತಂದೆಯ ಅಕ್ಕ, ಅಂದರೆ ಅತ್ತೆ. ಗಂಡನ ತಾಯಿ ತಂದೆಯ ಕಡೆಯಿಂದ ಅಜ್ಜಿ, ತಾಯಿಯ ಕಡೆಯಿಂದ ಮುತ್ತಜ್ಜಿ. ಮಗುವಿನ ಇಬ್ಬರು ಅಜ್ಜಿಯರು ತಮ್ಮತಮ್ಮಲ್ಲಿ ತಾಯಿ ಮಗಳು.

ಇಂಥ ಕಡೆ ಕೂತು ವರಸೆ ಲೆಕ್ಕ ಹಾಕುತ್ತ ಹೋದರೆ ಊಟದ ಹೊತ್ತು ಮೀರುತ್ತದೆ. ನಾನು ಹೇಳುವ ನಿಯಮ ಒಂದೇ: ಯಾರ ಜೊತೆ ಹತ್ತಿರದ ದಾರಿ ಇದೆಯೋ ಅದನ್ನು ಹಿಡಿಯಿರಿ, ಹೆತ್ತವರನ್ನು ಹೆತ್ತವರು ಅಜ್ಜ ಅಜ್ಜಿಯೇ. ತಾಯಿಯ ತಾಯಿ ಅಜ್ಜಿಯೇ ಆಗಲಿ, ಅತ್ತೆ ಬೇಡ. ತಂದೆಯ ತಾಯಿಯೂ ಅಜ್ಜಿ, ಮುತ್ತಜ್ಜಿ ಅಲ್ಲ. ಅವರಲ್ಲಿ ತಾಯಿಯಾದವರು ದೊಡ್ಡಜ್ಜಿ, ಮಗಳಾದವರು ಬರೀ ಅಜ್ಜಿ. ತಾಯಿಯ ಒಡಹುಟ್ಟಿದವರ ಮಕ್ಕಳು ಅದೇ ದೊಡ್ಡಜ್ಜಿಯನ್ನು ಮುತ್ತಜ್ಜಿ ಅನ್ನುತ್ತಾರೆ. ಅನ್ನಲಿ, ಅವರಿಗೆ ಅದೇ ಸರಿ. ನಿಮ್ಮ ಮಗುವಿಗೆ ಆರೇಳು ವರ್ಷವಾದ ಮೇಲೆ ಯಾರು ಯಾರಿಗೆ ಏನಾಗಬೇಕು ಅಂತ ಕೂರಿಸಿ ಬಿಡಿಸಿ ಹೇಳಿ. ಮಕ್ಕಳಿಗೆ ಈ ಲೆಕ್ಕ ಬಹಳ ಖುಷಿ ಕೊಡುತ್ತದೆ.

6. ಮಗುವಿನ ನಾಲಿಗೆಗೆ ಬರುವಂತಿರಲಿ

ಮಗು ಸುಮಾರು ಆರು ತಿಂಗಳಿನಿಂದ ‘ಬಬಬ’, ‘ಮಮಮ’, ‘ತತತ’ ಅಂತ ಒಂದೇ ಸದ್ದನ್ನು ಮತ್ತೆ ಮತ್ತೆ ಮಾಡಲು ಶುರು ಮಾಡುತ್ತದೆ. ಅರ್ಥ ಇರುವ ಮೊದಲ ಪದ ಬರುವುದು ಹೆಚ್ಚುಕಡಿಮೆ ವರ್ಷದ ಹೊತ್ತಿಗೆ. ತುಟಿ ಸೇರಿಸಿ ಹೇಳುವ ಮ, ಬ, ಪ ಮೊದಲು ಬರುತ್ತವೆ. ತ, ದ ಕೂಡ ಬೇಗ ಬರುತ್ತವೆ. ರ, ಳ, ಜ, ಚ ಸರಿಯಾಗಿ ಬರಲು ತಡ. ಜಗತ್ತಿನ ಎಷ್ಟೋ ಭಾಷೆಗಳಲ್ಲಿ ತಾಯಿ ತಂದೆಯರ ಹೆಸರು ಒಂದೇ ಥರ ಕೇಳಿಸುವುದು ಇದಕ್ಕೇ ಅಂತ ಭಾಷಾವಿಜ್ಞಾನಿ ರೋಮನ್ ಯಾಕಬ್ಸನ್ 1960ರಲ್ಲಿ ಬಂದ ಲೇಖನದಲ್ಲಿ ವಿವರಿಸಿದ್ದರು. ಮಗುವಿನ ಬಾಯಿಗೆ ಸುಲಭವಾದ ಸದ್ದೇ ಮನೆಯವರ ಹೆಸರಾಗಿ ನಿಲ್ಲುತ್ತದೆ.

ಈ ಲೆಕ್ಕದಲ್ಲಿ ತಾತ, ಅಮ್ಮಮ್ಮ ಬೇಗ ಬರುತ್ತವೆ. ಅಜ್ಜ, ಅಜ್ಜಿಗೆ ಸ್ವಲ್ಪ ಕಾಯಬೇಕು. ಮೊದಲು ‘ಅದ್ದ’, ‘ಅತ್ತಿ’, ‘ದದ್ದಿ’ ಅಂತೆಲ್ಲ ಬರುತ್ತದೆ. ಒಂದು ಮನೆಯ ತಾತನನ್ನು ಮಗು ಬೇಗ ಕರೆದು, ಇನ್ನೊಂದು ಮನೆಯ ಅಜ್ಜನನ್ನು ತಡವಾಗಿ ಕರೆದರೆ ಅದರಲ್ಲಿ ಪ್ರೀತಿಯ ಹೆಚ್ಚುಕಡಿಮೆ ಏನೂ ಇಲ್ಲ. ಕಾಯುತ್ತಿರುವ ಅಜ್ಜನಿಗೆ ಇದನ್ನು ಬಿಡಿಸಿ ಹೇಳಿ. ಹೇಳದಿದ್ದರೆ ಅವರು ಸುಮ್ನೆ ಕೊರಗುತ್ತಾರೆ.

ಮಗು ತಪ್ಪಾಗಿ ಹೇಳಿದ್ದನ್ನು ತಿದ್ದಬೇಕಾ? ಬೇಡ. ನೀವು ಸರಿಯಾಗಿ ಹೇಳುತ್ತಾ ಹೋಗಿ, ಅದು ತಾನಾಗಿ ಸರಿಹೋಗುತ್ತದೆ. ಕೆಲವು ಸಲ ಸರಿಹೋಗದೆ ಆ ತೊದಲು ಮಾತೇ ಹೆಸರಾಗಿ ನಿಲ್ಲುತ್ತದೆ. ಹಿರಿಯರು ಒಪ್ಪಿದರೆ ಅದೇ ಇರಲಿ. ನೀವು ಎಷ್ಟು ಯೋಚಿಸಿ ಗೊತ್ತು ಮಾಡಿದ್ದರೂ ಮಗು ಇಟ್ಟ ಹೆಸರಿನ ಮುಂದೆ ಅದನ್ನು ಹಿಡಿದು ಕೂರಬೇಡಿ.

7. ಮನೆಯವರೆಲ್ಲ ಅದೇ ಹೆಸರು ಬಳಸಿ

ಇಡೀ ಕೆಲಸ ನಿಂತಿರುವುದು ಇದರ ಮೇಲೆ. ಮಗು ಹೇಳಿಕೊಟ್ಟದ್ದಕ್ಕಿಂತ ಕಿವಿಗೆ ಬಿದ್ದದ್ದನ್ನು ಜಾಸ್ತಿ ಕಲಿಯುತ್ತದೆ. ದಿನವಿಡೀ ಅಪ್ಪ ತನ್ನ ತಾಯಿಯನ್ನು ‘ಅಮ್ಮಾ’ ಅಂತ ಕರೆಯುತ್ತಿದ್ದರೆ ಮಗು ಅಜ್ಜಿ ಅನ್ನುವುದು ಹೇಗೆ? ಅದಕ್ಕೇ ನಮ್ಮ ಎಷ್ಟೋ ಮನೆಗಳಲ್ಲಿ ಮೊಮ್ಮಕ್ಕಳು ಅಜ್ಜಿಯನ್ನು ಅಮ್ಮ, ಅಜ್ಜನನ್ನು ಅಪ್ಪಾಜಿ ಅಂತಲೇ ಕರೆದು ಬೆಳೆದಿದ್ದಾರೆ.

ಮಗುವಿನ ಎದುರಿಗೆ ನೀವೂ ಮಗುವಿನ ವರಸೆಯಲ್ಲೇ ಮಾತಾಡಿ. “ಅಜ್ಜಿ ಹತ್ರ ಹೋಗು”, “ಅಜ್ಜ ಬಂದ್ರು ನೋಡು”, “ಅಜ್ಜಿಗೆ ಟಾಟಾ ಮಾಡು”. ಗಂಡ ತನ್ನ ತಾಯಿಯನ್ನೇ “ಅಜ್ಜೀ, ಇವನನ್ನ ಸ್ವಲ್ಪ ಹಿಡ್ಕೊಳ್ಳಿ” ಅನ್ನುವುದು ಮೊದಮೊದಲು ಸಂಕೋಚ ಅನ್ನಿಸುತ್ತದೆ. ಆಮೇಲೆ ರೂಢಿಯಾಗುತ್ತದೆ. ಮನೆಗೆಲಸದವರು, ಪಕ್ಕದ ಮನೆಯವರು, ಮಗುವನ್ನು ನೋಡಿಕೊಳ್ಳುವವರು, ಎಲ್ಲರಿಗೂ ಹೇಳಿ.

ತಾಯಿ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಇದು ಇನ್ನೂ ಸೂಕ್ಷ್ಮ. ಬೆಳಗ್ಗೆಯಿಂದ ಸಂಜೆವರೆಗೆ ಮಗು ಅಜ್ಜಿಯ ಸೊಂಟದ ಮೇಲೆ. ಊಟ, ಸ್ನಾನ, ನಿದ್ದೆ ಎಲ್ಲ ಅವರ ಕೈಯಲ್ಲಿ. ಮಗು ಅವರನ್ನು ‘ಅಮ್ಮ’ ಅಂದುಬಿಡುತ್ತದೆ. ಆ ಮಾತು ಕೇಳಿದ ತಾಯಿಗೆ ಒಳಗೆ ಚುರುಕ್ ಅನ್ನುತ್ತದೆ. ಅಜ್ಜಿಗೆ ಸಂತೋಷವೂ ಆಗುತ್ತದೆ, ಸೊಸೆಯ ಮುಖ ನೋಡಿ ಹಿಂಜರಿಕೆಯೂ ಆಗುತ್ತದೆ. ಈ ಮೂವರಲ್ಲಿ ಯಾರದೂ ತಪ್ಪಿಲ್ಲ. ಮಗುವಿಗೆ ಆ ವಯಸ್ಸಿನಲ್ಲಿ ಅಮ್ಮ ಅಂದರೆ ನನ್ನನ್ನು ಎತ್ತಿಕೊಳ್ಳುವವರು ಅಂತ ಅಷ್ಟೇ.

ಆಗ ಏನು ಮಾಡಬೇಕು? ‘ಅವರು ಅಮ್ಮ ಅಲ್ಲ!’ ಅಂತ ಮಗುವನ್ನು ಗದರಿಸಬೇಡಿ. ಅಜ್ಜಿಗೂ ಅದು ಏಟಿನ ಹಾಗೆ ತಾಗುತ್ತದೆ. ಅಜ್ಜಿಯೇ ತಮ್ಮನ್ನು ತೋರಿಸಿಕೊಂಡು “ನಾನು ಅಜ್ಜಿ. ಅಮ್ಮ ಸಂಜೆ ಬರ್ತಾಳೆ” ಅಂತ ದಿನಕ್ಕೆ ನಾಲ್ಕು ಸಲ ಹೇಳಲಿ. ತಾಯಿಯ ಫೋಟೋ ತೋರಿಸಲಿ. ಈ ಮಾತು ಅಜ್ಜಿಯ ಬಾಯಿಂದ ಬರಬೇಕು. ಅದರಲ್ಲೇ ಸೊಸೆಗೆ ಅರ್ಧ ಸಮಾಧಾನ ಸಿಗುತ್ತದೆ. ಇನ್ನರ್ಧ, ಸಂಜೆ ಬಂದ ತಾಯಿ “ಇವತ್ತು ಅಜ್ಜಿ ಏನು ಊಟ ಮಾಡಿಸಿದ್ರು?” ಅಂತ ಮಗುವನ್ನು ಕೇಳುವುದರಲ್ಲಿದೆ. ಆಗ ಅಜ್ಜಿ ಅನ್ನುವ ಹೆಸರಿಗೂ ಒಂದು ತೂಕ ಬರುತ್ತದೆ.

ಇಷ್ಟಾದ ಮೇಲೂ ಮಗು ಇಬ್ಬರನ್ನೂ ಅಮ್ಮ ಅಂದರೆ ಬಿಟ್ಟುಬಿಡಿ. ದೊಡ್ಡದಾದಂತೆ ತಾನೇ ‘ದೊಡ್ಡ ಅಮ್ಮ’, ‘ನನ್ನ ಅಮ್ಮ’ ಅಂತ ಏನೋ ಒಂದು ವಿಂಗಡಣೆ ಮಾಡಿಕೊಳ್ಳುತ್ತದೆ.

8. ಬಾ ಅನ್ನಬೇಕೋ, ಬನ್ನಿ ಅನ್ನಬೇಕೋ

ಹೆಸರು ಗೊತ್ತಾದ ಮೇಲೆ ಇದನ್ನೂ ಮಾತಾಡಿಕೊಳ್ಳಿ. ನಮ್ಮಲ್ಲಿ ‘ಅಜ್ಜಿ ಬಾ, ಅಜ್ಜ ಬನ್ನಿ’ ಅನ್ನುವ ಮನೆ ಬಹಳ. ಒಂದು ಮನೆಯಲ್ಲಿ ಎಲ್ಲರಿಗೂ ಬಹುವಚನ, ಇನ್ನೊಂದು ಮನೆಯಲ್ಲಿ ಎಲ್ಲರಿಗೂ ಏಕವಚನ ಇದ್ದಾಗ ಬೀಗರ ಎದುರಿಗೆ ಮುಜುಗರವಾಗುತ್ತದೆ. ‘ಮಗುವಿಗೆ ಮರ್ಯಾದೆ ಕಲಿಸಿಲ್ಲ’ ಅನ್ನುವ ಮಾತು ಬರುತ್ತದೆ. ಅಜ್ಜಿಗೆ ಬಾ ಅನ್ನುವುದರಲ್ಲಿ ಮರ್ಯಾದೆ ಕಡಿಮೆಯಾಗುತ್ತದೆ ಅಂತ ನನಗೆ ಅನ್ನಿಸಿಲ್ಲ, ಸಲಿಗೆ ಜಾಸ್ತಿ ಅನ್ನಿಸಿದೆ. ಆದರೆ ಅದನ್ನೂ ಅವರನ್ನೇ ಕೇಳಿ. ಯಾವ ಮನೆಯಲ್ಲಿ ಯಾವ ರೂಢಿಯೋ ಅಲ್ಲಿ ಹಾಗೆ. ಮೂರು ವರ್ಷದ ಮಗು ಇದನ್ನು ಸಲೀಸಾಗಿ ಬದಲಿಸಿಕೊಳ್ಳುತ್ತದೆ.

9. ಮಾತೃಭಾಷೆ ಬೇರೆ ಇದ್ದರೆ

ಅವರವರ ಭಾಷೆಯದು ಅವರವರಿಗೆ. ಮರಾಠಿ ಮನೆಯ ಆಜೋಬಾ ಆಜೋಬಾನೇ ಆಗಿರಲಿ, ತೆಲುಗು ಮನೆಯ ನಾನಮ್ಮ ನಾನಮ್ಮನೇ. ಕನ್ನಡಕ್ಕೆ ತಿರುಗಿಸಬೇಡಿ. ತಮಿಳು ಮನೆಯಿಂದ ಸೊಸೆ ಬಂದಿದ್ದರೆ ಪಾಟಿಯೂ ಇರಲಿ. ಇದರಿಂದ ಯಾರು ಯಾವ ಕಡೆಯವರು ಅನ್ನುವ ಗುರುತೂ ತಾನಾಗಿ ಸಿಗುತ್ತದೆ.

ಕನ್ನಡದ ಮನೆಗಳಿಗೆ ಮಾತ್ರ ಒಂದು ಮನವಿ. ಅಪ್ಪ ಅಮ್ಮ ಹೋಗಿ ಪಪ್ಪ ಮಮ್ಮಿ ಬಂದು ಎಷ್ಟೋ ಕಾಲವಾಯಿತು. ಚಿಕ್ಕಪ್ಪ ಅಂಕಲ್ ಆದ, ಅತ್ತೆ ಆಂಟಿ ಆದಳು. ದಾವಣಗೆರೆಯ ಮಕ್ಕಳ ಬಾಯಲ್ಲಿ ಇನ್ನೂ ಗಟ್ಟಿಯಾಗಿ ಉಳಿದಿರುವುದು ಅಜ್ಜ, ಅಜ್ಜಿ, ತಾತ. ಇವನ್ನು ಗ್ರ್ಯಾಂಡ್‌ಪಾ ಗ್ರ್ಯಾಂಡ್‌ಮಾ ಮಾಡಬೇಡಿ.

10. ದೂರ ಇರುವ ಮೊಮ್ಮಕ್ಕಳಿಗೆ

ಮಗು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಬೆಳೆಯುತ್ತಿದ್ದರೆ ಹೆಸರು ಫೋನಿನ ಮೂಲಕವೇ ಹೋಗಬೇಕು. ಫೋನಿನಲ್ಲಿ ಅವರ ನಂಬರನ್ನು ‘ಹೊನ್ನಾಳಿ ಅಜ್ಜಿ’ ಅಂತಲೇ ಉಳಿಸಿ, ಜೊತೆಗೆ ಅವರ ಫೋಟೋ ಹಾಕಿ. ವಿಡಿಯೋ ಕರೆ ಬಂದಾಗ ಮಗುವಿನ ಎದುರು ಹೆಸರು ಹೇಳಿಯೇ ಎತ್ತಿ. ವಾರಕ್ಕೊಮ್ಮೆ ಉದ್ದ ಮಾತಿಗಿಂತ ದಿನಕ್ಕೆ ಎರಡು ನಿಮಿಷ ಒಳ್ಳೆಯದು. ಅಜ್ಜಿ ತಮ್ಮನ್ನು ತಾವೇ ಹೆಸರಿಟ್ಟು ಮಾತಾಡಲಿ: “ಅಜ್ಜಿ ಇವತ್ತು ರೊಟ್ಟಿ ಮಾಡಿದ್ಲು, ನೋಡು.” ನಾಲ್ವರ ಫೋಟೋ ಪ್ರಿಂಟ್ ಹಾಕಿಸಿ ಮಗುವಿನ ಕಣ್ಣಿಗೆ ಎಟುಕುವ ಎತ್ತರದಲ್ಲಿ ಅಂಟಿಸಿ.

11. ಇಲ್ಲದವರಿಗೂ ಒಂದು ಹೆಸರು

ಮಗು ಹುಟ್ಟುವ ಮುಂಚೆಯೇ ತೀರಿಕೊಂಡ ಅಜ್ಜ ಅಜ್ಜಿಯರು ಇರುತ್ತಾರೆ. ಅವರನ್ನು ಬಿಟ್ಟುಬಿಡಬೇಡಿ. ಗೋಡೆಯ ಫೋಟೋ ನೋಡಿ ಮಕ್ಕಳು ತಾವಾಗಿ ‘ಫೋಟೋ ಅಜ್ಜ’ ಅನ್ನುವುದುಂಟು. ಇರಲಿ. ಆದರೆ ಬದುಕಿದ್ದರೆ ಏನಂತ ಕರೆಸಿಕೊಳ್ಳುತ್ತಿದ್ದರೋ ಆ ಹೆಸರೂ ಮಗುವಿಗೆ ಗೊತ್ತಿರಲಿ. ಅವರ ಜೊತೆಯವರು ಇನ್ನೂ ಇದ್ದಾರಲ್ಲ. ಒಂಟಿಯಾಗಿ ಉಳಿದ ಅಜ್ಜಿಯ ಎದುರು ಮೊಮ್ಮಗ ‘ಈರಜ್ಜ ಇದ್ದಿದ್ರೆ ನನ್ನ ಎತ್ಕೊಳ್ತಿದ್ರಾ?’ ಅಂತ ಕೇಳಿದರೆ ಆ ಅಜ್ಜಿಗೆ ಮಾತಾಡಲು ಒಂದು ಬಾಗಿಲು ತೆರೆದಂತೆ. ಹಿರಿಯರ ಹಬ್ಬದಲ್ಲಿ ಎಡೆ ಇಡುವಾಗ ಆ ಹೆಸರು ಹೇಳಿ ಕೈ ಮುಗಿಸಿ.

ಮುತ್ತಜ್ಜ, ಮುತ್ತಜ್ಜಿ ಇದ್ದರೆ ಅದು ಆ ಮನೆಯ ಪುಣ್ಯ. ಮುತ್ತಜ್ಜಿ ಅನ್ನುವುದು ಪುಟ್ಟ ಬಾಯಿಗೆ ಕಷ್ಟ. ‘ಮುತ್ತಿ’, ‘ಮುತ್ತು’ ಅಂತ ಬಂದರೆ ಹಾಗೇ ಬಿಡಿ.

12. ನಿಜವಾದ ಹೆಸರೂ ಕಲಿಸಿ

ನಾಲ್ಕೈದು ವರ್ಷದ ಹೊತ್ತಿಗೆ ಮಗುವಿಗೆ ಅಜ್ಜ ಅಜ್ಜಿಯರ ಪೂರ್ತಿ ಹೆಸರು, ಊರು, ಒಂದು ಮೊಬೈಲ್ ನಂಬರ್ ಬಾಯಿಪಾಠ ಆಗಿರಬೇಕು. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯಲ್ಲಿ, ನಾಯಕನಹಟ್ಟಿಯ ತೇರಿನ ದಿನ, ಮೊಮ್ಮಕ್ಕಳು ಹೆಚ್ಚಾಗಿ ಅಜ್ಜನ ಕೈ ಹಿಡಿದೇ ಹೋಗುವುದು. ಆ ಜನದಲ್ಲಿ ಕೈ ತಪ್ಪಿದ ಮಗುವನ್ನು “ಯಾರ ಜೊತೆ ಬಂದೆ ಪುಟ್ಟ?” ಅಂತ ಪೊಲೀಸರು ಕೇಳಿದಾಗ “ಮಂಡಕ್ಕಿ ಅಜ್ಜ” ಅಂದರೆ ಮೈಕಿನಲ್ಲಿ ಏನಂತ ಕೂಗಿಸುತ್ತಾರೆ? ಜಾತ್ರೆಗೆ ಹೊರಡುವಾಗ ಅಜ್ಜನ ಹೆಸರು, ನಂಬರ್ ಬರೆದ ಚೀಟಿಯನ್ನು ಮಗುವಿನ ಜೇಬಿಗೆ ಹಾಕಿ. ಹಿರಿಯರ ಫೋನಿನಲ್ಲಿ ಪೊಲೀಸ್ ಸಹಾಯಕ್ಕೆ 112, ಮಕ್ಕಳ ಸಹಾಯವಾಣಿ 1098 ಎರಡನ್ನೂ ಉಳಿಸಿಕೊಡಿ. ಅಜ್ಜಿಯ ಹೆಸರನ್ನು ಮಗುವಿಗೆ ಕಲಿಸುವ ಕೆಲಸ ಅಜ್ಜನಿಗೆ, ಅಜ್ಜನದನ್ನು ಕಲಿಸುವುದು ಅಜ್ಜಿಗೆ ಬಿಡಿ. ಗಂಡನ ಹೆಸರು ಹೇಳದೆ ಇಷ್ಟು ವರ್ಷ ಕಳೆದ ಅಜ್ಜಿಯಾದರೆ, ಅದನ್ನು ಮಗನೋ ಮಗಳೋ ಕಲಿಸಿದರೂ ಆಯಿತು.